ಒಂದೇ ಪಿಕಪ್ ಟ್ರಕ್, ಟ್ರಿಮ್‌ಗೊಂದು ಎಳೆಯುವ ಸಾಮರ್ಥ್ಯ: ನಿಮ್ಮ ಗಾಡಿಯ ನಿಜವಾದ ಮಿತಿಯನ್ನು ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಟ್ರೇಲರ್ ಕೊಳ್ಳಲು ಹೊರಟವರು ಮಾಡುವ ತಪ್ಪು ಬಹುತೇಕ ಒಂದೇ ಬಗೆಯದು. ಜಾಹೀರಾತಿನಲ್ಲಿ ಆ ಮಾದರಿಯ ಟ್ರಕ್ಕಿಗೆ 12,000 ಅಥವಾ 13,000 ಪೌಂಡ್ ಎಂದು ಓದಿರುತ್ತಾರೆ, ತಮ್ಮದೂ ಅದೇ ಹೆಸರಿನ ಟ್ರಕ್ ಎಂಬ ನಂಬಿಕೆಯಲ್ಲಿ 8,000 ಪೌಂಡಿನ ಟ್ರೇಲರ್ ತರುತ್ತಾರೆ, ಮೊದಲ ದೂರದ ಪ್ರಯಾಣದಲ್ಲೇ ಹಿಂಭಾಗ ಕುಸಿದು ಸ್ಟಿಯರಿಂಗ್ ಹಗುರಾದಾಗ ಕಾರಣ ತಿಳಿಯದೆ ಕಂಗಾಲಾಗುತ್ತಾರೆ. ಜಾಹೀರಾತಿನ ಸಂಖ್ಯೆ ಸುಳ್ಳಲ್ಲ. ಆದರೆ ಅದು ಆ ಮಾದರಿಯ ಒಂದೇ ಒಂದು ಜೋಡಣೆಗೆ ಸೇರಿದ್ದು. ಎಂಜಿನ್, ಆಕ್ಸಲ್ ಅನುಪಾತ, ಕ್ಯಾಬ್ (ಜನ ಕೂರುವ ಭಾಗ), ಬೆಡ್ಡಿನ (ಹಿಂದಿನ ಸಾಮಾನಿನ ತೊಟ್ಟಿಯ) ಉದ್ದ, ಟೋ ಪ್ಯಾಕೇಜ್ (ಎಳೆಯಲೆಂದು ತಯಾರಕರು ಒಟ್ಟಾಗಿ ಕೊಡುವ ಸಲಕರಣೆ), ಸ್ಪ್ರಿಂಗ್, ಟೈರ್ ಇವುಗಳಲ್ಲಿ ಯಾವುದು ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಟ್ರಿಮ್, ಅಂದರೆ ಒಂದೇ ಮಾದರಿಯೊಳಗಿನ ಸಜ್ಜಿಕೆಯ ಶ್ರೇಣಿ, ಬದಲಾದಾಗ ಸಾಮಾನ್ಯವಾಗಿ ಇವುಗಳಲ್ಲಿ ಹಲವು ಒಟ್ಟಿಗೇ ಬದಲಾಗುತ್ತವೆ.

ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಬೇಕು. ತಯಾರಕರ ಕೋಷ್ಟಕದಿಂದ ಆರಂಭಿಸಿ ಬಾಗಿಲಿನ ಸ್ಟಿಕರ್ ಅನ್ನು ಕೊನೆಗೆ ನೋಡುವುದೇ ಹೆಚ್ಚಿನವರ ಸೋಲಿಗೆ ಕಾರಣ. ಆ ಹೊತ್ತಿಗೆ ಮನಸ್ಸಿನಲ್ಲಿ ದೊಡ್ಡ ಸಂಖ್ಯೆಯೊಂದು ಗಟ್ಟಿಯಾಗಿ ಕುಳಿತಿರುತ್ತದೆ, ಸ್ಟಿಕರಿನ ಚಿಕ್ಕ ಸಂಖ್ಯೆಯನ್ನು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ.

ಬೇಕಾಗುವ ಸಾಮಗ್ರಿ

ನಿಮ್ಮ ಟ್ರಕ್ಕಿನ ಮಾಲೀಕರ ಕೈಪಿಡಿ, ಅದೇ ಮಾಡೆಲ್ ವರ್ಷಕ್ಕೆ ತಯಾರಕರು ಪ್ರಕಟಿಸಿದ ಟೋಯಿಂಗ್ ಗೈಡ್, ಹೊಸ ಗಾಡಿಯಾಗಿದ್ದರೆ ಕಿಟಕಿಗೆ ಅಂಟಿಸಿದ್ದ ವಿವರಪಟ್ಟಿ, ಅಳತೆ ಟೇಪ್, ಟೈರಿನ ಗಾಳಿ ಅಳೆಯುವ ಗೇಜ್, ಟಾರ್ಕ್ ವ್ರೆಂಚ್ ಮತ್ತು ಕ್ಯಾಲ್ಕುಲೇಟರ್ ಇಷ್ಟಿದ್ದರೆ ಸಾಕು. ಕೊನೆಯ ಹಂತದ ತೂಕಕ್ಕೆ ಟ್ರಕ್ ನಿಲ್ದಾಣಗಳಲ್ಲಿರುವ ತೂಕದ ಕಟ್ಟೆ ಬೇಕು. ಅಮೆರಿಕದಲ್ಲಿ ಹೆದ್ದಾರಿ ಬದಿಯ ಕ್ಯಾಟ್ ಸ್ಕೇಲ್ ಕಟ್ಟೆಗಳನ್ನು ಸಾಮಾನ್ಯ ಚಾಲಕರೂ ಶುಲ್ಕ ಕೊಟ್ಟು ಬಳಸಬಹುದು.

ಟೋಯಿಂಗ್ ಗೈಡ್ ನಿಮ್ಮ ಮಾಡೆಲ್ ವರ್ಷದ್ದೇ ಆಗಿರಬೇಕು. ಹೊರನೋಟಕ್ಕೆ ಒಂದೇ ತರಹ ಕಾಣುವ ಎರಡು ವರ್ಷಗಳ ಟ್ರಕ್ಕುಗಳಿಗೂ ಮಿತಿಗಳು ಬೇರೆಯಿರಬಹುದು.

ಹಂತ 1: ಚಾಲಕನ ಬಾಗಿಲಿನ ಚೌಕಟ್ಟನ್ನು ಓದಿ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಥವಾ ಬಾಗಿಲಿನ ಅಂಚಿನಲ್ಲಿ ಕನಿಷ್ಠ ಎರಡು ಸ್ಟಿಕರ್‌ಗಳಿರುತ್ತವೆ. ಎರಡರ ಫೋಟೋವನ್ನೂ ತೆಗೆದಿಟ್ಟುಕೊಳ್ಳಿ.

ಮೊದಲನೆಯದು ಪ್ರಮಾಣೀಕರಣದ ಸ್ಟಿಕರ್. ಇದರಲ್ಲಿ ಜಿವಿಡಬ್ಲ್ಯುಆರ್ ಎಂಬ ಸಂಖ್ಯೆ ಇರುತ್ತದೆ. ಜನ, ಸಾಮಾನು, ಇಂಧನ ಮತ್ತು ಟ್ರೇಲರಿನ ಮೂತಿ ಹಿಚ್ಚಿನ (ಟ್ರಕ್ಕಿನ ಹಿಂದೆ ಟ್ರೇಲರ್ ಜೋಡಿಸುವ ಕೊಂಡಿಯ) ಮೇಲೆ ಹಾಕುವ ಭಾರ ಎಲ್ಲ ಸೇರಿ ಟ್ರಕ್ ಒಂದೇ ತೂಗಬಹುದಾದ ಗರಿಷ್ಠ ತೂಕ ಅದು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಪ್ರತ್ಯೇಕ ಮಿತಿಗಳೂ ಜಿಎಡಬ್ಲ್ಯುಆರ್ ಎಂಬ ಹೆಸರಿನಲ್ಲಿ ಅಲ್ಲೇ ಇರುತ್ತವೆ.

ಎರಡನೆಯದು ಟೈರ್ ಮತ್ತು ಭಾರದ ಮಾಹಿತಿಯ ಸ್ಟಿಕರ್. ‘ಪ್ರಯಾಣಿಕರು ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಎಂದಿಗೂ ಮೀರಬಾರದು’ ಎಂಬ ಸಾಲು ಇದರಲ್ಲಿದೆ. ಆ ಸಾಲಿನಲ್ಲಿರುವುದೇ ನಿಮ್ಮ ಗಾಡಿಯ ಪೇಲೋಡ್. ಈ ಇಡೀ ಬರಹದಲ್ಲಿ ಒಂದೇ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ, ಏಕೆಂದರೆ ಎಫ್-150, ರ‍್ಯಾಮ್ 1500ರಂಥ ಅರ್ಧ ಟನ್ ವರ್ಗದ ಟ್ರಕ್ಕುಗಳಲ್ಲಿ ಎಂಜಿನ್ನಿನ ಶಕ್ತಿ ಮುಗಿಯುವ ಬಹಳ ಮೊದಲೇ ಪೇಲೋಡ್ ಮುಗಿದಿರುತ್ತದೆ.

ಜನರಲ್ ಮೋಟಾರ್ಸ್‌ನ ಇತ್ತೀಚಿನ ಷೆವರ್ಲೆ ಮತ್ತು ಜಿಎಂಸಿ ಟ್ರಕ್ಕುಗಳಲ್ಲಿ ಟ್ರೇಲರ್ ಮಾಹಿತಿಗೆಂದೇ ಮತ್ತೊಂದು ಸ್ಟಿಕರ್ ಇದೆ. ಆ ಗಾಡಿಯ ಸ್ವಂತ ತೂಕ, ಪೇಲೋಡ್, ಮೂತಿಭಾರದ ಮಿತಿ ಮತ್ತು ಟ್ರಕ್ಕು–ಟ್ರೇಲರ್ ಕೂಡಿದ ತೂಕದ ಮಿತಿಯನ್ನು ಅದು ಒಂದೆಡೆ ಕೊಡುತ್ತದೆ. ಎಲ್ಲ ತಯಾರಕರೂ ಹೀಗೆ ಮಾಡಿದ್ದರೆ ಮುಂದಿನ ಕೆಲವು ಹಂತಗಳ ಅಗತ್ಯವೇ ಇರುತ್ತಿರಲಿಲ್ಲ.

ಹಂತ 2: ಟ್ರಿಮ್ಮಿನ ಹೆಸರನ್ನು ಬದಿಗಿಟ್ಟು ಜೋಡಣೆಯನ್ನು ಗುರುತಿಸಿ

ಒಂದು ಹಾಳೆಯ ಮೇಲೆ ಆರು ವಿವರಗಳನ್ನು ಬರೆದುಕೊಳ್ಳಿ: ಎಂಜಿನ್, ಹಿಂದಿನ ಆಕ್ಸಲ್ ಅನುಪಾತ, ಎರಡು ಚಕ್ರದ ಚಾಲನೆಯೋ ನಾಲ್ಕು ಚಕ್ರದ್ದೋ, ಕ್ಯಾಬಿನ ಬಗೆ, ಬೆಡ್ಡಿನ ಉದ್ದ, ಟೋ ಪ್ಯಾಕೇಜ್. ಇವುಗಳಲ್ಲಿ ಜನ ಬಿಟ್ಟುಬಿಡುವುದು ಆಕ್ಸಲ್ ಅನುಪಾತವನ್ನು. ಒಂದೇ ಎಂಜಿನ್ನಿನ ಎರಡು ಟ್ರಕ್ಕುಗಳ ನಡುವೆ ಸಾವಿರಾರು ಪೌಂಡಿನ ವ್ಯತ್ಯಾಸ ತರಬಲ್ಲದ್ದೂ ಅದೇ.

ಅನುಪಾತ 3.92 ಎಂದರೆ ಚಕ್ರ ಒಂದು ಸುತ್ತು ತಿರುಗಲು ಡ್ರೈವ್ ಶಾಫ್ಟ್ 3.92 ಸುತ್ತು ತಿರುಗಬೇಕು ಎಂದರ್ಥ. ರ‍್ಯಾಮ್ 1500ರಲ್ಲಿ 3.21, 3.55 ಮತ್ತು 3.92 ಎಂಬ ಅನುಪಾತಗಳು ಬಂದಿವೆ. ಎಂಜಿನ್ ಮತ್ತು ಗೇರ್ ಒಂದೇ ಆಗಿದ್ದರೂ 3.21ಕ್ಕೆ ಹೋಲಿಸಿದರೆ 3.92ರಲ್ಲಿ ಚಕ್ರಕ್ಕೆ ತಲುಪುವ ತಿರುಚುಬಲ ಸುಮಾರು ಶೇ. 22ರಷ್ಟು ಹೆಚ್ಚು. ಇಂಧನ ಉಳಿತಾಯಕ್ಕಾಗಿ ತಯಾರಕರು ಅನೇಕ ಟ್ರಿಮ್‌ಗಳಿಗೆ ಚಿಕ್ಕ ಅನುಪಾತವನ್ನೇ ಮೂಲವಾಗಿ ಕೊಡುತ್ತಾರೆ, ದೊಡ್ಡದನ್ನು ಆಯ್ಕೆಯಾಗಿಯೋ ಟೋ ಪ್ಯಾಕೇಜಿನ ಭಾಗವಾಗಿಯೋ ಮಾರುತ್ತಾರೆ. ಹೀಗಾಗಿ ಅನುಪಾತವನ್ನು ಟ್ರಿಮ್ಮಿನ ಹೆಸರಿನಿಂದ ಊಹಿಸಲು ಹೋಗಬೇಡಿ. ಫೋರ್ಡ್‌ನಲ್ಲಿ ಅದರ ಸಂಕೇತ ಬಾಗಿಲಿನ ಸ್ಟಿಕರಿನಲ್ಲೇ ಆಕ್ಸಲ್ ಎಂಬ ಪದದ ಬಳಿ ಇರುತ್ತದೆ. ಜನರಲ್ ಮೋಟಾರ್ಸ್‌ನ ಟ್ರಕ್ಕುಗಳಲ್ಲಿ ಮೂರಕ್ಷರದ ಆಯ್ಕೆ ಸಂಕೇತಗಳಿವೆ: ಜಿಯು5 ಎಂದರೆ 3.23, ಜಿಯು6 ಎಂದರೆ 3.42, ಜಿಟಿ4 ಎಂದರೆ 3.73.

ಟೋ ಪ್ಯಾಕೇಜ್ ವಿಷಯದಲ್ಲೂ ಇಂಥದೇ ಗೊಂದಲವಿದೆ. ಬಂಪರಿನ ಕೆಳಗೆ ಹಿಚ್ ಕಂಡಾಕ್ಷಣ ಪ್ಯಾಕೇಜ್ ಇದೆ ಎಂದುಕೊಳ್ಳುವಂತಿಲ್ಲ. ಪೂರ್ಣ ಪ್ಯಾಕೇಜಿನಲ್ಲಿ ದೊಡ್ಡ ರೇಡಿಯೇಟರ್ ಅಥವಾ ಹೆಚ್ಚುವರಿ ಆಯಿಲ್ ಕೂಲರ್, ಏಳು ಪಿನ್ನಿನ ವಿದ್ಯುತ್ ಸಂಪರ್ಕ, ಟ್ರೇಲರ್ ಬ್ರೇಕ್ ನಿಯಂತ್ರಕ, ಕೆಲವು ಗಾಡಿಗಳಲ್ಲಿ ಗಟ್ಟಿಯಾದ ಸ್ಪ್ರಿಂಗ್ ಮತ್ತು ಬೇರೆ ಆಕ್ಸಲ್ ಕೂಡ ಸೇರಿರುತ್ತವೆ. ಹೊರಗಿನಿಂದ ಹಿಚ್ ತಂದು ಬೋಲ್ಟ್ ಹಾಕಿಸಿದರೆ ಕೊಂಡಿ ಸಿಗುತ್ತದೆಯೇ ಹೊರತು ತಂಪಾಗಿಸುವ ವ್ಯವಸ್ಥೆಯಾಗಲಿ ಸ್ಪ್ರಿಂಗ್ ಆಗಲಿ ಬದಲಾಗುವುದಿಲ್ಲ, ಮಿತಿಯೂ ಏರುವುದಿಲ್ಲ.

ಹಂತ 3: ಗೈಡಿನಲ್ಲಿ ನಿಮ್ಮ ಸಾಲನ್ನು ಹುಡುಕಿ, ಅಡಿಟಿಪ್ಪಣಿಯನ್ನೂ ಓದಿ

ಈಗ ಮಾತ್ರ ಟೋಯಿಂಗ್ ಗೈಡ್ ತೆರೆಯಿರಿ. ಬರೆದುಕೊಂಡ ಆರೂ ವಿವರಗಳಿಗೆ ಹೊಂದುವ ಸಾಲನ್ನು ಹುಡುಕಿ, ಅಲ್ಲಿರುವ ಟ್ರೇಲರ್ ತೂಕವನ್ನೂ ಜಿಸಿಡಬ್ಲ್ಯುಆರ್ ಎಂಬ ಕೂಡಿದ ತೂಕದ ಮಿತಿಯನ್ನೂ ಬರೆದುಕೊಳ್ಳಿ. ಅಡಿಟಿಪ್ಪಣಿಗಳನ್ನು ಬಿಡಬೇಡಿ. ಈ ಸಂಖ್ಯೆಗೆ ಗರಿಷ್ಠ ಟೋ ಪ್ಯಾಕೇಜ್ ಕಡ್ಡಾಯ, ಇಂಥ ಅಳತೆಯ ಚಕ್ರವಿದ್ದರೆ ಅನ್ವಯಿಸದು, ಟ್ರೇಲರಿನ ಮುಂಭಾಗದ ವಿಸ್ತೀರ್ಣ ಇಷ್ಟು ಚದರ ಅಡಿ ಮೀರಬಾರದು ಎಂಬ ಷರತ್ತುಗಳೆಲ್ಲ ಸಣ್ಣ ಅಕ್ಷರದಲ್ಲಿ ಅಲ್ಲೇ ಇರುತ್ತವೆ. ಎತ್ತರದ ಕ್ಯಾಂಪರ್ (ಒಳಗೆ ವಾಸಿಸಬಹುದಾದ ಟ್ರೇಲರ್) ಎಳೆಯುವವರಿಗೆ ಕೊನೆಯ ಷರತ್ತು ಬಹಳ ಮುಖ್ಯ. ತಗ್ಗಾದ ದೋಣಿ ಟ್ರೇಲರಿಗೆ ಸರಿಹೊಂದುವ ಮಿತಿ, ಗಾಳಿಗೆ ಗೋಡೆಯಂತೆ ಎದೆಯೊಡ್ಡುವ ಕ್ಯಾಂಪರಿಗೆ ಹೊಂದುವುದಿಲ್ಲ.

ಈ ಸಂಖ್ಯೆಗಳು ಹುಟ್ಟುವ ಬಗೆಯನ್ನು ತಿಳಿದರೆ ಮುಂದಿನ ಲೆಕ್ಕ ಸುಲಭವಾಗುತ್ತದೆ. ಪ್ರಮುಖ ತಯಾರಕರೆಲ್ಲ ಇಂದು ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಜೆ2807 ಎಂಬ ಮಾನದಂಡವನ್ನು ಅನುಸರಿಸುತ್ತಾರೆ. ಅದರ ಪ್ರಕಾರ ಟ್ರೇಲರ್ ಸಮೇತ ಟ್ರಕ್, ಹಿಂದೆ ಪ್ರತಿ ಬದಿಗೆ ಒಂದೇ ಚಕ್ರವಿರುವಂಥದ್ದಾಗಿದ್ದರೆ, ನಿಂತ ಸ್ಥಿತಿಯಿಂದ ಗಂಟೆಗೆ 60 ಮೈಲಿ ವೇಗವನ್ನು 30 ಸೆಕೆಂಡಿನೊಳಗೆ ಮುಟ್ಟಬೇಕು. ಶೇ. 12ರ ಏರಿನಲ್ಲಿ ನಿಂತು ಮುಂದಕ್ಕೂ ಹಿಂದಕ್ಕೂ ಪದೇಪದೇ ಹೊರಡಬೇಕು. ಆರಿಜೋನಾದ ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿಯ ಏರನ್ನು 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ, ಹವಾನಿಯಂತ್ರಣವನ್ನು ಪೂರ್ಣ ಹಾಕಿಕೊಂಡು, ವೇಗ 40 ಮೈಲಿಗಿಂತ ಕೆಳಗಿಳಿಯದಂತೆ ಹತ್ತಬೇಕು.

ಕಟ್ಟುನಿಟ್ಟಾದ ಪರೀಕ್ಷೆಯೇ. ಆದರೆ ಅದರಲ್ಲಿ ಟ್ರಕ್ಕಿನೊಳಗೆ ತಲಾ 150 ಪೌಂಡಿನ ಚಾಲಕ ಮತ್ತು ಒಬ್ಬ ಪ್ರಯಾಣಿಕ, ಜೊತೆಗೆ ಗರಿಷ್ಠ 70 ಪೌಂಡಿನ ಹಿಚ್ ಸಾಮಗ್ರಿ, ಇಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮಕ್ಕಳು, ನಾಯಿ, ಬೆಡ್ಡಿನಲ್ಲಿರುವ ಜನರೇಟರ್ ಯಾವುದೂ ಅದರಲ್ಲಿ ಸೇರಿಲ್ಲ. ಟ್ರಕ್ಕಿನ ತೂಕವಾಗಿಯೂ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಗಾಡಿಗಳಲ್ಲಿ ಮಾರಾಟವಾಗುವ ಆಯ್ಕೆಗಳನ್ನಷ್ಟೇ ಕೂಡಿಸುತ್ತಾರೆ. ನಿಮ್ಮ ಗಾಡಿಯಲ್ಲಿ ಅಪರೂಪದ, ಭಾರವಾದ ಆಯ್ಕೆಗಳಿದ್ದರೆ ಕೋಷ್ಟಕದ ಸಂಖ್ಯೆ ನಿಮ್ಮದಲ್ಲ.

ಹಂತ 4: ನಿಮ್ಮ ಟ್ರಿಮ್ ಏನನ್ನು ಕಸಿದುಕೊಂಡಿದೆ ಎಂದು ನೋಡಿ

ಐಷಾರಾಮಿ ಟ್ರಿಮ್ ಕಸಿಯುವುದು ತೂಕದ ಮೂಲಕ. ಗಾಜಿನ ಚಾವಣಿ, ಮೋಟರ್ ಚಾಲಿತ ಆಸನಗಳು, ಶಬ್ದ ತಡೆಯುವ ಪದರಗಳು, ತಾನಾಗಿ ಇಳಿಯುವ ಮೆಟ್ಟಿಲು, ದೊಡ್ಡ ಚಕ್ರಗಳು ಹೀಗೆ ಒಂದೊಂದೂ ಕೆಲವೇ ಹತ್ತು ಪೌಂಡ್ ಕೂಡಿಸಿದರೂ ಒಟ್ಟಿನಲ್ಲಿ ನೂರಾರು ಪೌಂಡ್ ಆಗುತ್ತದೆ. ಜಿವಿಡಬ್ಲ್ಯುಆರ್ ಮಾತ್ರ ಅದಕ್ಕೆ ತಕ್ಕಂತೆ ಏರುವುದಿಲ್ಲ. ಆದ್ದರಿಂದ ಹೆಚ್ಚು ಹಣ ಕೊಟ್ಟಷ್ಟೂ ಹೆಚ್ಚು ಎಳೆಯಬಹುದು ಎಂಬ ಎಣಿಕೆ ತಲೆಕೆಳಗಾಗುತ್ತದೆ. ನಾಲ್ಕು ಚಕ್ರದ ಚಾಲನೆ ಮತ್ತು ದೊಡ್ಡ ಕ್ಯಾಬ್ ಕೂಡ ಇದೇ ದಾರಿಯಲ್ಲಿ ಮಿತಿಯನ್ನು ತಗ್ಗಿಸುತ್ತವೆ.

ಆಫ್-ರೋಡ್ ಟ್ರಿಮ್ ಕಸಿಯುವುದು ಸಸ್ಪೆನ್ಷನ್ ಮೂಲಕ. ಹಳ್ಳದಿಣ್ಣೆಗಳಲ್ಲಿ ಚಕ್ರ ಉದ್ದಕ್ಕೆ ಏರಿಳಿಯಲಿ ಎಂದು ಮಾಡಿದ ಮೃದು ಸ್ಪ್ರಿಂಗ್‌ಗಳು ಹಿಚ್ಚಿನ ಭಾರಕ್ಕೆ ಬೇಗ ಕುಸಿಯುತ್ತವೆ. ಅಗಲವಾದ, ಎತ್ತರದ ಟೈರುಗಳು ಪರಿಣಾಮದಲ್ಲಿ ಆಕ್ಸಲ್ ಅನುಪಾತವನ್ನೇ ಚಿಕ್ಕದು ಮಾಡುತ್ತವೆ. 2021ರ ಫೋರ್ಡ್ ಎಫ್-150 ಸರಣಿಯಲ್ಲಿ ಸರಿಯಾದ ಜೋಡಣೆಗೆ 14,000 ಪೌಂಡ್ ಇದ್ದರೆ ಅದೇ ವರ್ಷದ ರ‍್ಯಾಪ್ಟರ್‌ಗೆ 8,200 ಪೌಂಡ್. ಅದೇ ವರ್ಷದ ರ‍್ಯಾಮ್ 1500ರಲ್ಲಿ 12,750 ಪೌಂಡಿನ ಜೋಡಣೆಯೂ ಇತ್ತು, 702 ಅಶ್ವಶಕ್ತಿಯ ಟಿಆರ್‌ಎಕ್ಸ್ ಟ್ರಿಮ್ಮಿಗೆ ಮಾತ್ರ 8,100 ಪೌಂಡ್ ಇತ್ತು. ಸರಣಿಯಲ್ಲೇ ಅತ್ಯಂತ ಬಲಶಾಲಿ ಎಂಜಿನ್ ಇದ್ದೂ ಮಿತಿ ತೀರ ಕೆಳಗಿರುವುದನ್ನು ಕಂಡರೆ, ಎಂಜಿನ್ನೊಂದರಿಂದಲೇ ಎಳೆಯುವ ಸಾಮರ್ಥ್ಯ ತೀರ್ಮಾನವಾಗುತ್ತದೆ ಎಂಬ ನಂಬಿಕೆಯನ್ನು ಬಿಡಲೇಬೇಕಾಗುತ್ತದೆ.

ಹಂತ 5: ಪೇಲೋಡಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಇದೇ ನಿರ್ಣಾಯಕ ಹಂತ. ನಿಧಾನವಾಗಿ ಮಾಡಿ.

ಹಿಚ್ಚಿನ ಬಾಲ್ (ಲೋಹದ ಗುಂಡು) ಮೇಲೆ ಕೂರುವ ಸಾಮಾನ್ಯ ಟ್ರೇಲರ್ ತನ್ನ ಒಟ್ಟು ತೂಕದ ಶೇ. 10ರಿಂದ 15ರಷ್ಟನ್ನು ಮೂತಿಯ ಮೂಲಕ ಟ್ರಕ್ಕಿನ ಮೇಲೆ ಹಾಕಬೇಕು. ಇದಕ್ಕಿಂತ ಕಡಿಮೆಯಾದರೆ ಟ್ರೇಲರ್ ಬಾಲ ಬೀಸತೊಡಗುತ್ತದೆ. ಬೆಡ್ಡಿನೊಳಗೆ ಕೂರುವ ಫಿಫ್ತ್ ವೀಲ್ ಮತ್ತು ಗೂಸ್‌ನೆಕ್ ಟ್ರೇಲರ್‌ಗಳಲ್ಲಿ ಈ ಪಾಲು ಶೇ. 15ರಿಂದ 25. ಟ್ರಕ್ಕಿನ ಮಟ್ಟಿಗೆ ಈ ಮೂತಿಭಾರ ಬೆಡ್ಡಿನಲ್ಲಿ ಹೇರಿದ ಸಾಮಾನಿನಂತೆಯೇ ಪೇಲೋಡನ್ನು ತಿನ್ನುತ್ತದೆ.

ಒಂದೇ ಎಂಜಿನ್, ಒಂದೇ ಅನುಪಾತ, 17,000 ಪೌಂಡ್ ಜಿಸಿಡಬ್ಲ್ಯುಆರ್ ಮತ್ತು 7,050 ಪೌಂಡ್ ಜಿವಿಡಬ್ಲ್ಯುಆರ್ ಇರುವ ಎರಡು ಟ್ರಿಮ್‌ಗಳಿವೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಕೆಲಸಕ್ಕೆಂದು ಮಾಡಿದ ಸರಳ ಟ್ರಿಮ್ಮಿನ ಸ್ವಂತ ತೂಕ 5,000 ಪೌಂಡ್, ಐಷಾರಾಮಿ ಟ್ರಿಮ್ಮಿನದು 5,550 ಪೌಂಡ್. ಮಾನದಂಡದ ಪ್ರಕಾರ ಇಬ್ಬರ 300 ಪೌಂಡ್ ಮತ್ತು ಹಿಚ್ಚಿನ 70 ಪೌಂಡ್ ಕಳೆದರೆ ಮೊದಲನೆಯದು 11,630 ಪೌಂಡ್, ಎರಡನೆಯದು 11,080 ಪೌಂಡ್ ಎಳೆಯಬಹುದು. ಕಾಗದದ ಮೇಲೆ ವ್ಯತ್ಯಾಸ 550 ಪೌಂಡ್ ಅಷ್ಟೇ, ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಈಗ ಪೇಲೋಡಿನ ಕಡೆಯಿಂದ ನೋಡಿ. ಸರಳ ಟ್ರಿಮ್ಮಿಗೆ 2,050 ಪೌಂಡ್ ಪೇಲೋಡ್, ಐಷಾರಾಮಿಗೆ 1,500. ನಾಲ್ವರ ಕುಟುಂಬಕ್ಕೆ 620 ಪೌಂಡ್, ಭಾರ ಹಂಚುವ ಹಿಚ್ಚಿಗೆ (ಬಾರ್‌ಗಳ ಮೂಲಕ ಮೂತಿಭಾರದ ಒಂದು ಪಾಲನ್ನು ಮುಂದಿನ ಆಕ್ಸಲ್‌ಗೂ ಟ್ರೇಲರಿಗೂ ಸಾಗಿಸುವಂಥದ್ದು) 100, ಬೆಡ್ಡಿನ ಮುಚ್ಚಳಕ್ಕೆ 60, ಸಾಮಾನಿಗೆ 120 ಎಂದು ಹಿಡಿದರೆ ಒಟ್ಟು 900 ಪೌಂಡ್ ಖರ್ಚಾಯಿತು. ಮೂತಿಭಾರಕ್ಕೆ ಉಳಿದದ್ದು ಮೊದಲನೆಯದರಲ್ಲಿ 1,150, ಎರಡನೆಯದರಲ್ಲಿ 600 ಪೌಂಡ್. ಮೂತಿಭಾರ ಶೇ. 12.5 ಎಂದು ಹಿಡಿದು ಭಾಗಿಸಿದರೆ ಮೊದಲ ಟ್ರಕ್ 9,200 ಪೌಂಡಿನ ಟ್ರೇಲರ್ ಎಳೆಯಬಹುದು, ಎರಡನೆಯದು 4,800 ಪೌಂಡಿನದನ್ನಷ್ಟೇ. ಕಾಗದದ ಮೇಲಿನ 550 ಪೌಂಡ್ ರಸ್ತೆಯ ಮೇಲೆ 4,400 ಪೌಂಡ್ ಆಯಿತು.

ನಿಮ್ಮ ಗಾಡಿಗೂ ಇದೇ ಕ್ರಮ: ಸ್ಟಿಕರಿನ ಪೇಲೋಡಿನಿಂದ ಜನ, ಸಾಮಾನು, ಗಾಡಿ ಕೊಂಡ ಮೇಲೆ ಹಾಕಿಸಿದ ಬಿಡಿಭಾಗ ಮತ್ತು ಹಿಚ್ಚಿನ ತೂಕವನ್ನು ಕಳೆಯಿರಿ, ಉಳಿದದ್ದನ್ನು 0.125ರಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಗೈಡಿನ ಸಂಖ್ಯೆಯೊಂದಿಗೆ ಹೋಲಿಸಿ, ಚಿಕ್ಕದನ್ನು ಮಿತಿಯೆಂದು ಹಿಡಿಯಿರಿ.

ಇಲ್ಲಿ ಎರಡು ತಪ್ಪುಗಳು ಮರುಕಳಿಸುತ್ತವೆ. ಮೊದಲನೆಯದು, ಟ್ರೇಲರಿನ ಖಾಲಿ ತೂಕವನ್ನು ಲೆಕ್ಕಕ್ಕೆ ಹಿಡಿಯುವುದು. ನೀರು, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಸಾಮಾನು ತುಂಬಿದ ಮೇಲೆ ಅದು ಬಹಳಷ್ಟು ಏರುತ್ತದೆ, ಹೀಗಾಗಿ ಟ್ರೇಲರಿನ ಸ್ವಂತ ಜಿವಿಡಬ್ಲ್ಯುಆರ್ ಅನ್ನೇ ಹಿಡಿಯಿರಿ. ಎರಡನೆಯದು, ಹಿಂಭಾಗ ಕುಸಿಯುತ್ತದೆಂದು ಏರ್ ಸ್ಪ್ರಿಂಗ್ ಹಾಕಿಸಿ ಮಿತಿ ಹೆಚ್ಚಿತು ಎಂದು ನಂಬುವುದು. ಗಾಡಿ ಸಮತಟ್ಟಾಗಿ ನಿಲ್ಲುತ್ತದೆ, ನಿಜ. ಆದರೆ ಆಕ್ಸಲ್, ಬೇರಿಂಗ್, ಬ್ರೇಕ್, ಫ್ರೇಮ್ ಎಲ್ಲ ಹಳೆಯವೇ. ಸ್ಟಿಕರಿನ ಸಂಖ್ಯೆ ಒಂದು ಪೌಂಡೂ ಏರುವುದಿಲ್ಲ.

ಹಂತ 6: ಹಿಚ್, ಬಾಲ್ ಮತ್ತು ಟೈರುಗಳ ಮಿತಿಯನ್ನು ಪರೀಕ್ಷಿಸಿ

ಹಿಚ್ಚಿನ ರಿಸೀವರ್ (ಬಾಲ್ ಹೊತ್ತ ದಂಡವಾದ ಬಾಲ್ ಮೌಂಟನ್ನು ತೂರಿಸುವ ಚೌಕ ಕೊಳವೆ) ಮೇಲೊಂದು ಪಟ್ಟಿ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಎರಡು ಸಾಲುಗಳು: ಭಾರ ಹೊರುವ ಬಳಕೆಗೆ ಒಂದು, ಭಾರ ಹಂಚುವ ಹಿಚ್ ಜೋಡಿಸಿದಾಗ ಇನ್ನೊಂದು. ಬರಿಯ ಬಾಲ್ ಹಾಕಿಕೊಂಡವರು ಎರಡನೆಯ ಸಾಲಿನ ದೊಡ್ಡ ಸಂಖ್ಯೆಯನ್ನು ಓದಿ ಮೋಸಹೋಗುತ್ತಾರೆ. ಬಾಲ್ ಮತ್ತು ಬಾಲ್ ಮೌಂಟಿಗೂ ಪ್ರತ್ಯೇಕ ಮಿತಿಗಳಿವೆ, ಅವನ್ನು ಲೋಹದ ಮೇಲೆಯೇ ಕೊರೆದಿರುತ್ತಾರೆ. ಬಾಲ್‌ನ ವ್ಯಾಸ ಟ್ರೇಲರಿನ ಕಪ್ಲರ್ (ಬಾಲನ್ನು ಮುಚ್ಚಿಕೊಂಡು ಕೂರುವ ಮೂತಿಯ ಬಟ್ಟಲು) ಮೇಲೆ ಬರೆದಿರುವುದಕ್ಕೆ ಸರಿಯಾಗಿ ಹೊಂದಬೇಕು. 2 5/16 ಇಂಚಿನ ಕಪ್ಲರ್ 2 ಇಂಚಿನ ಬಾಲ್ ಮೇಲೂ ಕೂತಂತೆ ಕಾಣುತ್ತದೆ, ರಸ್ತೆಯ ಉಬ್ಬಿನಲ್ಲಿ ಹಾರಿಬಿಡುತ್ತದೆ.

ಟೈರಿನ ಹೆಸರು ಪಿ ಅಕ್ಷರದಿಂದ ಆರಂಭವಾದರೆ ಅದು ಪ್ರಯಾಣಿಕ ವಾಹನದ ವರ್ಗದ್ದು. ಅಂಥ ಟೈರನ್ನು ಪಿಕಪ್ಪಿಗೆ ಹಾಕಿದಾಗ ಅದರ ಮೇಲೆ ಬರೆದ ಭಾರವನ್ನು 1.10ರಿಂದ ಭಾಗಿಸಿ ಹಿಡಿಯಬೇಕು. ಹಗುರ ಟ್ರಕ್ಕುಗಳಿಗೆಂದು ಮಾಡಿದ ಎಲ್‌ಟಿ ವರ್ಗದ ಟೈರುಗಳಿಗೆ ಈ ಕಡಿತವಿಲ್ಲ. ಕೆಲವು ಟ್ರಿಮ್‌ಗಳಿಗೆ ಎಲ್‌ಟಿ ಟೈರ್, ಉಳಿದವಕ್ಕೆ ಪಿ ಟೈರ್ ಬರುವುದೂ ಮಿತಿಗಳು ಬೇರೆಯಾಗಲು ಒಂದು ಕಾರಣ.

ಹಂತ 7: ತೂಕದ ಕಟ್ಟೆಯ ಮೇಲೆ ಎರಡು ಸಲ ತೂಗಿ

ಇಷ್ಟರವರೆಗಿನದು ಅಂದಾಜು. ಪ್ರಯಾಣಕ್ಕೆ ಹೊರಟಂತೆಯೇ ಜನ, ಇಂಧನ, ಸಾಮಾನು ಎಲ್ಲವನ್ನೂ ತುಂಬಿಕೊಂಡು ಕಟ್ಟೆಗೆ ಹೋಗಿ. ಮೊದಲ ಸಲ ಟ್ರಕ್ಕಿನ ಮುಂದಿನ ಚಕ್ರ, ಹಿಂದಿನ ಚಕ್ರ ಮತ್ತು ಟ್ರೇಲರಿನ ಚಕ್ರಗಳು ಬೇರೆ ಬೇರೆ ಹಲಗೆಗಳ ಮೇಲೆ ನಿಲ್ಲುವಂತೆ ನಿಲ್ಲಿಸಿ. ಎರಡನೆಯ ಸಲ ಟ್ರೇಲರ್ ಬಿಚ್ಚಿ ಟ್ರಕ್ಕನ್ನು ಮಾತ್ರ, ಅದೇ ಜನ ಮತ್ತು ಅದೇ ಸಾಮಾನಿನೊಂದಿಗೆ ತೂಗಿ. ಭಾರ ಹಂಚುವ ಹಿಚ್ ಇದ್ದರೆ ಮೊದಲ ತೂಕದ ಹೊತ್ತಿಗೆ ಅದರ ಬಾರ್‌ಗಳನ್ನು ಸಡಿಲಿಸಿರಿ, ಇಲ್ಲವಾದರೆ ಮೂತಿಭಾರ ಕಡಿಮೆ ಕಾಣುತ್ತದೆ.

ಚೀಟಿಯನ್ನು ಓದುವ ಬಗೆ ಹೀಗೆ. ಮೊದಲ ಚೀಟಿಯಲ್ಲಿ ಮುಂದೆ 3,020, ಹಿಂದೆ 3,900, ಟ್ರೇಲರಿನಡಿ 4,480, ಒಟ್ಟು 11,400 ಪೌಂಡ್ ಎಂದಿರಲಿ. ಎರಡನೆಯದರಲ್ಲಿ ಟ್ರಕ್ ಮಾತ್ರ, ಮುಂದೆ 3,180, ಹಿಂದೆ 3,100, ಒಟ್ಟು 6,280. ಒಟ್ಟು 11,400ರಿಂದ 6,280 ಕಳೆದರೆ ಟ್ರೇಲರ್ 5,120 ಪೌಂಡ್. ಜೋಡಿಸಿದಾಗಿನ ಟ್ರಕ್ ತೂಕ 6,920ರಿಂದ 6,280 ಕಳೆದರೆ ಮೂತಿಭಾರ 640, ಅಂದರೆ ಶೇ. 12.5. ಜಿವಿಡಬ್ಲ್ಯುಆರ್ 7,050 ಇದ್ದರೆ ಅದರೊಳಗೇ ಇದ್ದೀರಿ. ಆದರೆ ಸ್ಟಿಕರಿನಲ್ಲಿ ಹಿಂದಿನ ಆಕ್ಸಲ್ ಮಿತಿ 3,800 ಎಂದಿದ್ದರೆ 100 ಪೌಂಡ್ ಮೀರಿದ್ದೀರಿ. ಬೇರೆಲ್ಲ ಲೆಕ್ಕ ಸರಿಯಿದ್ದೂ ಇದೊಂದು ತಪ್ಪುವುದು ಸಾಮಾನ್ಯ. ಮುಂದಿನ ಆಕ್ಸಲ್ 160 ಪೌಂಡ್ ಕಳೆದುಕೊಂಡಿರುವುದನ್ನೂ ಗಮನಿಸಿ, ಸ್ಟಿಯರಿಂಗ್ ಹಗುರಾಗುವುದು ಇದರಿಂದಲೇ. ಬೆಡ್ಡಿನ ಹಿಂತುದಿಯಲ್ಲಿರುವ ಸಾಮಾನನ್ನು ಕ್ಯಾಬಿನ ಕಡೆಗೆ ಸರಿಸಿ, ಭಾರ ಹಂಚುವ ಹಿಚ್ಚಿನ ಬಾರ್‌ಗಳನ್ನು ಜೋಡಿಸಿ ಮತ್ತೊಮ್ಮೆ ತೂಗಬೇಕು.

ಹಂತ 8: ಎತ್ತರ ಮತ್ತು ಬ್ರೇಕಿಗೆ ಹೊಂದಾಣಿಕೆ

ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಎತ್ತರದಲ್ಲಿ ಸೊರಗುತ್ತದೆ. ಸಮುದ್ರಮಟ್ಟದಿಂದ ಪ್ರತಿ 1,000 ಅಡಿಗೆ ಕೂಡಿದ ತೂಕವನ್ನು ಶೇ. 2ರಂತೆ ಇಳಿಸಿ ಎಂದು ಫೋರ್ಡ್‌ನ ಗೈಡ್ ಹೇಳುತ್ತದೆ. ಕೊಲೊರಾಡೊದ ಐಸನ್‌ಹೋವರ್ ಸುರಂಗ ಸುಮಾರು 11,000 ಅಡಿ ಎತ್ತರದಲ್ಲಿದೆ. ಅಲ್ಲಿ 15,000 ಪೌಂಡಿನ ಜಿಸಿಡಬ್ಲ್ಯುಆರ್ 3,300 ಪೌಂಡ್ ಇಳಿಯುತ್ತದೆ. ಟರ್ಬೊ ಎಂಜಿನ್‌ಗಳಿಗೆ ಈ ನಷ್ಟ ಬಹಳ ಕಡಿಮೆ.

ಟ್ರೇಲರಿಗೆ ಸ್ವಂತ ಬ್ರೇಕ್ ಎಷ್ಟು ತೂಕದಿಂದ ಕಡ್ಡಾಯ ಎಂಬುದು ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಲವು ರಾಜ್ಯಗಳಲ್ಲಿ 3,000 ಪೌಂಡ್, ಕ್ಯಾಲಿಫೋರ್ನಿಯದಲ್ಲಿ ಕ್ಯಾಂಪರ್ ಟ್ರೇಲರ್‌ಗಳಿಗೆ 1,500 ಪೌಂಡ್. ಕಾನೂನು ಏನೇ ಇರಲಿ, ನಿಮ್ಮ ಕೈಪಿಡಿಯ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಕೈಪಿಡಿಯನ್ನೇ ಅನುಸರಿಸಿ.

ರಸ್ತೆಯಲ್ಲಿ ಕಾಣುವ ಎಚ್ಚರಿಕೆಯ ಚಿಹ್ನೆಗಳು

ಹೊರಡುವ ಮುನ್ನ, ಟ್ರೇಲರ್ ಜೋಡಿಸದೆ ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲಿನ ಮಡ್‌ಗಾರ್ಡಿನ ಅಂಚು ನೆಲದಿಂದ ಎಷ್ಟು ಎತ್ತರವಿದೆ ಎಂದು ಟೇಪಿನಿಂದ ಅಳೆದು ಬರೆದುಕೊಳ್ಳಿ. ಜೋಡಿಸಿದ ಮೇಲೆ ಮತ್ತೆ ಅಳೆಯಿರಿ. ಮುಂಭಾಗ ಗಣನೀಯವಾಗಿ ಮೇಲೇರಿದ್ದರೆ ಹೊರಡಬೇಡಿ. ಎದುರು ಬರುವವರು ನಿಮ್ಮ ದೀಪಕ್ಕೆ ಪದೇಪದೇ ದೀಪ ಮಿನುಗಿಸುತ್ತಿದ್ದರೆ ಅದೂ ಇದೇ ಸೂಚನೆ.

ಏರಿನಲ್ಲಿ ಗೇರ್‌ಬಾಕ್ಸಿನ ತಾಪಮಾನ ಏರುತ್ತಲೇ ಹೋದರೆ, ಉಬ್ಬು ದಾಟುವಾಗ ಹಿಂದಿನಿಂದ ಲೋಹ ಬಡಿದ ಸದ್ದು ಬಂದರೆ, ಇಳಿಜಾರಿನಲ್ಲಿ ಬ್ರೇಕಿನ ಸುಟ್ಟ ವಾಸನೆ ಬಂದರೆ, ನಿಂತಾಗ ಮುಟ್ಟಿದ ಒಂದು ಟೈರ್ ಉಳಿದವಕ್ಕಿಂತ ಬಿಸಿಯಾಗಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಾರಣ ಹುಡುಕಬೇಕು. ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸಲೂ ಅದೇ ಸರಿಯಾದ ಹೊತ್ತು.

ಟ್ರೇಲರ್ ಎಡಬಲಕ್ಕೆ ಓಲಾಡತೊಡಗಿದರೆ ಟ್ರಕ್ಕಿನ ಬ್ರೇಕನ್ನು ಗಟ್ಟಿಯಾಗಿ ಒತ್ತಬಾರದು, ವೇಗ ಹೆಚ್ಚಿಸಿ ಸರಿಪಡಿಸಲೂ ಹೋಗಬಾರದು. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದು, ಬ್ರೇಕ್ ನಿಯಂತ್ರಕದ ಕೈಗುಂಡಿಯಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಹಾಕಬೇಕು. ಆ ಗುಂಡಿ ಎಲ್ಲಿದೆ ಎಂದು ನೋಡದೆಯೇ ಕೈ ಹೋಗುವಷ್ಟು ಮೊದಲೇ ಅಭ್ಯಾಸ ಮಾಡಿಕೊಂಡಿರಬೇಕು.

ಟ್ರಕ್ಕನ್ನು ಇನ್ನೂ ಕೊಂಡಿಲ್ಲದವರು

ನಿಮಗೆ ಈ ಕೆಲಸ ಎಲ್ಲರಿಗಿಂತ ಸುಲಭ. ಮೊದಲು ಟ್ರೇಲರಿನ ಜಿವಿಡಬ್ಲ್ಯುಆರ್ ನಿರ್ಧರಿಸಿ, ಅದರ ಶೇ. 12.5ಕ್ಕೆ ನಿಮ್ಮ ಜನ ಮತ್ತು ಸಾಮಾನಿನ ತೂಕ ಕೂಡಿಸಿ, ಬೇಕಾದ ಪೇಲೋಡ್ ಎಷ್ಟೆಂದು ಕಂಡುಕೊಳ್ಳಿ. ಬಳಿಕ ಮಾರಾಟಗಾರರ ಬಳಿ ‘ಈ ಮಾದರಿ ಎಷ್ಟು ಎಳೆಯುತ್ತದೆ’ ಎಂದು ಕೇಳದೆ, ಅಂಗಳದಲ್ಲಿ ನಿಂತಿರುವ ಆ ನಿರ್ದಿಷ್ಟ ಗಾಡಿಯ ಬಾಗಿಲಿನ ಸ್ಟಿಕರ್‌ಗಳ ಫೋಟೋ ಮತ್ತು ಆಕ್ಸಲ್ ಅನುಪಾತವನ್ನು ಕೇಳಿ ಪಡೆಯಿರಿ. ಅದೇ ಟ್ರಿಮ್, ಅದೇ ಬಣ್ಣದ ಪಕ್ಕದ ಗಾಡಿಯ ಸ್ಟಿಕರ್ ತೋರಿಸಿದರೆ ಒಪ್ಪಿಕೊಳ್ಳಬೇಡಿ. ಗಾಜಿನ ಚಾವಣಿಯಂಥ ಒಂದೇ ಒಂದು ಆಯ್ಕೆ ಹೆಚ್ಚಿದ್ದರೂ ಎರಡು ಗಾಡಿಗಳ ಪೇಲೋಡ್ ಬೇರೆಯಾಗಿರುತ್ತದೆ.